ಟ್ಯಾಂಕಿನ ತಳದ ಕಸ

ತಾಂಬರಂ ಮೇಲ್ಸೇತುವೆಯ ಏರಿನಲ್ಲಿ ಏಕಾಂತಪ್ಪ ಆಕ್ಸಿಲರೇಟರ್ ಒತ್ತಿದರು. ಕಾರು ಕೆಮ್ಮಿತು, ಮುಗ್ಗರಿಸಿತು, ನಿಂತೇ ಹೋಯಿತು.

ಹಿಂದಿದ್ದ ಬಸ್ಸು, ಲಾರಿ, ಆಟೋಗಳೆಲ್ಲ ಒಟ್ಟಿಗೆ ಹಾರ್ನ್ ಬಾರಿಸತೊಡಗಿದವು. ಬೈಕಿನವನೊಬ್ಬ ಕಿಟಕಿಗೆ ಬಗ್ಗಿ, “ಪೆರಿಯವರೇ, ವೀಟ್ಟುಲ ಇರಕ್ಕೂಡಾದಾ?” ಎಂದು ಕೂಗಿ ಹೋದ. ಮನೆಯಲ್ಲಿ ಇರಬಾರದೇ ಎಂಬ ಆ ಮಾತು ಕಾರು ನಿಂತದ್ದಕ್ಕಿಂತ ಹೆಚ್ಚು ಚುಚ್ಚಿತು.

“ಅಪ್ಪಾ, ಪೋದುಂ. ಸಾಕು,” ಎಂದ ಪಕ್ಕದಲ್ಲಿ ತಲೆ ಚಾವಣಿಗೆ ತಾಗುವಂತೆ ಕೂತಿದ್ದ ಮಗ ಶಿವಕಿರಣ್. “ಮಾರಿಬಿಡೋಣ. ನಮ್ಮ ಆಫೀಸಲ್ಲಿ ಒಬ್ರು ಕೇಳ್ತಿದ್ದಾರೆ.”

“ನಾ ಸತ್ತ ಮ್ಯಾಲೆ ಮಾರು.”

“ದೀಪಾವಳಿಗೆ ನಿಮ್ಮ ಲೈಸೆನ್ಸ್ ಮುಗಿಯುತ್ತೆ. ಆ ಮಂಜುಗಣ್ಣಿಗೆ ಡಾಕ್ಟರ್ ಸೈನ್ ಹಾಕಲ್ಲ. ಆಮೇಲೆ ಯಾರು ಓಡಿಸ್ತಾರೆ? ನನಗೆ ಟ್ರೈನ್ ಇದೆ, ವಂಡಿ ಬೇಡ.”

ಹಿಂದಿನ ಸೀಟಿನಲ್ಲಿದ್ದ ಹೆಂಡತಿ ಬಸವಣ್ಣೆಮ್ಮ ಸೆರಗು ಸರಿಮಾಡಿಕೊಂಡರು. “ಮಾರೋ ಮಾತು ಯಾರೂ ಎತ್ತಬ್ಯಾಡ್ರಿ. ಕಾರು ಓಡ್ತದ.”

ದಾವಣಗೆರೆಯಿಂದ ಬಂದು ಕ್ರೋಂಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟು ನಿಂತವರು ಏಕಾಂತಪ್ಪ. ಅಂಗಡಿ ಕೈಹಿಡಿದ ವರ್ಷ ಕೊಂಡ ಕಾರು ಇದು. ಈಗ ವಾರಕ್ಕೊಮ್ಮೆ, ಭಾನುವಾರ ಮಾತ್ರ ಹೊರಗೆ ತೆಗೆಯುತ್ತಿದ್ದರು. ಉಳಿದ ದಿನ ಅದು ಬೀದಿಯ ತಿರುವಿನಾಚೆ, ಮುಚ್ಚಿದ ಚರ್ಮದ ಕಾರ್ಖಾನೆಯ ಗೋಡೆಯ ಪಕ್ಕ ಬೇವಿನ ನೆರಳಲ್ಲಿ ನಿಂತಿರುತ್ತಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಅವರೇ ಬಾನೆಟ್ ಎತ್ತಿದರು. ಸೀಟಿನಲ್ಲಿ ಕೂತರೆ ಮೊಣಕಾಲು ಸ್ಟಿಯರಿಂಗಿಗೆ ಬಡಿಯಿತು. ಈಚೆಗೆ ಆ ಸೀಟು ಪದೇ ಪದೇ ಮುಂದಕ್ಕೆ ಸರಿದಿರುತ್ತಿತ್ತು. ಅದನ್ನು ಹಿಡಿದಿಡುವ ಹಳಿಯ ಹಲ್ಲು ಸವೆದಿರಬೇಕು ಎಂದುಕೊಂಡು ಹಿಂದಕ್ಕೆ ತಳ್ಳಿದರು. ಪ್ಲಗ್ಗು ಸರಿಯಿತ್ತು. ಏರ್ ಫಿಲ್ಟರ್ ಶುಭ್ರ. ನಿಂತಲ್ಲಿ ಎಂಜಿನ್ ಬೆಕ್ಕಿನಂತೆ ಗುರುಗುಟ್ಟುತ್ತಿತ್ತು. ಜೋರಾಗಿ ಒತ್ತಿದರೆ ಮಾತ್ರ ಏದುಸಿರು ಬಿಡುತ್ತಿತ್ತು. ಎಂದರೆ ಬೇಕಾದಷ್ಟು ಪೆಟ್ರೋಲ್ ಬರುತ್ತಿಲ್ಲ.

ಮೆಕ್ಯಾನಿಕ್ ಪೆಟ್ರೋಲ್ ಫಿಲ್ಟರ್ ಬಿಚ್ಚಿ ಬಟ್ಟಲಿಗೆ ಬಗ್ಗಿಸಿದ. ಕಾಫಿ ಚರಟದಂಥ ಕಸ ಬಿತ್ತು.

“ಟ್ಯಾಂಕ್ ತಳದ ಕಸ ಸಾರ್,” ಎಂದ ತಮಿಳಿನಲ್ಲಿ. “ಖಾಲಿಯಾಗೋವರೆಗೂ ಓಡಿಸ್ತೀರಿ, ಆಮೇಲೆ ಹಾಕ್ತೀರಿ. ಅದಕ್ಕೇ.”

“ನನ್ನ ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದದ್ದೇ ಇಲ್ಲ.”

ಅವನು ಬಟ್ಟಲನ್ನೇ ಮುಂದೆ ಹಿಡಿದ.

ಹೊಸ ಫಿಲ್ಟರ್ ಹಾಕಿಸಿದರು. ಕೆಲವೇ ವಾರಗಳಲ್ಲಿ ಕಾರು ಮತ್ತೆ ಕೆಮ್ಮಿತು. ಮತ್ತೆ ಅದೇ ಕಸ. ಆದರೆ ಭಾನುವಾರ ನೋಡಿದರೆ ಪೆಟ್ರೋಲ್ ಮುಳ್ಳು ತಾವು ಬಿಟ್ಟ ಜಾಗದಲ್ಲೇ ಇರುತ್ತಿತ್ತು. ಯಾರೋ ವಾರವಿಡೀ ಕಾರು ಓಡಿಸಿ, ಟ್ಯಾಂಕ್ ಬರಿದು ಮಾಡಿ, ಕಣ್ಣಿಗೆ ಮಣ್ಣೆರಚಲು ಅಷ್ಟೇ ಪೆಟ್ರೋಲ್ ತುಂಬಿಸಿ ನಿಲ್ಲಿಸುತ್ತಿದ್ದಾರೆ. ಹೊರಗಿನ ಕಳ್ಳ ಪೆಟ್ರೋಲ್ ವಾಪಸ್ ಹಾಕುತ್ತಾನೆಯೇ? ಇದು ಮನೆಯವರದೇ ಕೈವಾಡ. ಕಾರು ಕೆಟ್ಟರೆ ಯಾರಿಗೆ ಅನುಕೂಲ?

ರಾತ್ರಿ ಊಟಕ್ಕೆ ಕೂತಾಗ ಕೇಳಿಯೇ ಬಿಟ್ಟರು. “ನನ್ನ ಕಾರು ಕೆಡಿಸ್ಲಿಕ್ಕೆ ನಿನಗ ನಾಚಿಕಿ ಆಗಲ್ಲೇನಲೇ?”

ಶಿವಕಿರಣ್ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. “ನಾನಾ? ಎನಕ್ಕು ಎದುಕ್ಕಪ್ಪಾ? ನನಗ್ಯಾಕೆ ಬೇಕು?”

“ಅವನಲ್ಲ, ಬಿಡ್ರಿ,” ಎಂದರು ಬಸವಣ್ಣೆಮ್ಮ ಪಲ್ಯ ಬಡಿಸುತ್ತ.

“ನೀ ಅವನ ಪರ ಮಾತಾಡಬ್ಯಾಡ. ಕೈಗೆ ಸಿಕ್ಕ ದಿನ ತೋರಿಸ್ತೀನಿ. ನನ್ನ ಸ್ಟಿಯರಿಂಗ್ ಕಸಗೊಳ್ಳೋ ಗಂಡಸು ಇನ್ನೂ ಹುಟ್ಟಿಲ್ಲ.”

“ಅದು ಖರೆ,” ಎಂದರು ಬಸವಣ್ಣೆಮ್ಮ.

ಶನಿವಾರ ಮಧ್ಯಾಹ್ನ. ಉಂಡು ಮಲಗುವುದು ಏಕಾಂತಪ್ಪನವರ ರೂಢಿ. ಅಂದು ಮಲಗಿದ್ದರು, ಕಣ್ಣು ಮುಚ್ಚಲಿಲ್ಲ. ಶಿವಕಿರಣ್ ಚಪ್ಪಲಿ ಮೆಟ್ಟಿ ಹೊರಟ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಬಸವಣ್ಣೆಮ್ಮನೂ ಎಂದಿನಂತೆ, “ಮಹಡಿ ಮನಿ ಶಾಲಿನಿ ಹತ್ರ ಹೋಗಿ ಬರ್ತೀನಿ,” ಎಂದು ಬಾಗಿಲೆಳೆದುಕೊಂಡರು. ಮನೆ ನಿಶ್ಶಬ್ದವಾಯಿತು. ಏಕಾಂತಪ್ಪ ಎದ್ದು ಪಂಚೆ ಬಿಗಿದು, ಹಿತ್ತಲಿನಿಂದ ಹೊರಬಿದ್ದರು.

ತಿರುವು ದಾಟಿದಾಗ ಬೇವಿನ ಕೆಳಗೆ ಕಾರಿರಲಿಲ್ಲ.

ಗೋಡೆಯ ಮರೆಯಲ್ಲಿ, ಬಿಸಿಲಲ್ಲೇ ಕಾದರು. ಕೊನೆಗೆ ಬೀದಿಯ ತುದಿಯಲ್ಲಿ ಅದರ ಮೂತಿ ಕಂಡಿತು. ನಿಧಾನವಾಗಿ, ಗುಂಡಿ ತಪ್ಪಿಸಿಕೊಂಡು ಬರುತ್ತಿತ್ತು. ಮುಂದೆ ಏನೋ ಕೆಂಪಗೆ ಅಂಟಿಸಿದ್ದರು. ಮಂಜುಗಣ್ಣಿಗೆ ಅದೇನೆಂದು ತಿಳಿಯಲಿಲ್ಲ. ಗಾಜಿನ ಮೇಲೆ ಬಿಸಿಲು ಹೊಳೆದು ಒಳಗಿನ ಮುಖ ಕಾಣಲಿಲ್ಲ. ಇಬ್ಬರಿದ್ದರು. ಮಗರಾಯ ಜೊತೆಗೊಬ್ಬನನ್ನು ಕಟ್ಟಿಕೊಂಡು ಬಂದಿದ್ದಾನೆ!

ಏಕಾಂತಪ್ಪ ರಸ್ತೆಯ ನಟ್ಟನಡುವೆ ಹೋಗಿ ಎರಡೂ ಕೈ ಚಾಚಿ ನಿಂತರು. ಹಾಯಿಸುವುದಾದರೆ ಹಾಯಿಸಲಿ. ಒಂದು ಹೆಜ್ಜೆಯೂ ಕದಲುವುದಿಲ್ಲ.

ಕಾರು ಗಕ್ಕನೆ ಬ್ರೇಕ್ ಹಾಕಿತು, ನಡುಗಿತು, ಅವರ ಮೊಣಕಾಲಿನ ಹತ್ತಿರ ಬಂದು ನಿಂತಿತು. ಅವರು ಬಾನೆಟ್ಟಿಗೆ ಅಂಗೈಯಿಂದ ಬಡಿದರು.

“ಇಳಿಯಲೇ ಕೆಳಗೆ! ನನ್ನ ಕಾರಿನಾಗ ಕೂತು ನನ್ನ ಮ್ಯಾಲೇ ಬರ್ತೀಯ?”

ಎಡಗಡೆಯ ಬಾಗಿಲು ತೆರೆದು, ಹ್ಯಾಂಡ್‌ಬ್ರೇಕ್ ಎಳೆದ ಕೈಯನ್ನು ಇನ್ನೂ ಎದೆಗೊತ್ತಿಕೊಂಡಿದ್ದ ಶಾಲಿನಿ ಇಳಿದಳು. ಚಾಲಕರ ಬದಿಯ ಗಾಜು ಮೆಲ್ಲಗೆ ಕೆಳಗಿಳಿಯಿತು.

“ಹಿಂದ ಹತ್ತಿ ಕೂಡ್ರಿ,” ಎಂದರು ಸ್ಟಿಯರಿಂಗ್ ಬಿಡದೆ ಬಸವಣ್ಣೆಮ್ಮ. “ಸೋಮವಾರ ನನ್ನ ಡ್ರೈವಿಂಗ್ ಟೆಸ್ಟ್ ಅದ, ಮಂಗಳವಾರದಿಂದ ನೀವು ಎಲ್ಲಿಗಂದ್ರ ಅಲ್ಲಿಗೆ ನಾನೇ ಕರ್ಕೊಂಡು ಹೋಗ್ತೀನಿ.”