ಭಾನುವಾರದ ಗಿರಾಕಿ

“ನಿಮ್ಮನ್ನ ಎಲ್ಲೋ ನೋಡಿದ್ದೀನಲ್ಲ?” ಎಂದ ಗೇಟಿನ ಬಳಿ ನಿಂತಿದ್ದ ಬ್ರೋಕರ್.

ಮನೆ ನೋಡಲು ಬಂದಿದ್ದ ಲಿಫ್ಟ್ ರಿಪೇರಿಯವನು ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ. ಇದ್ದೀತು, ಕೆಲಸದ ಮೇಲೆ ಊರೆಲ್ಲ ಸುತ್ತುತ್ತೇನೆ ಎಂದು ತೊದಲಿದ. ಅಷ್ಟರಲ್ಲಿ ಬ್ರೋಕರನ ಫೋನು ರಿಂಗಾಯಿತು. ಬಾಗಿಲು ತೆರೆದೇ ಇದೆ, ನೋಡಿಕೊಂಡು ಬನ್ನಿ ಎಂದು ಕೈಸನ್ನೆ ಮಾಡಿ ಅವನು ಅತ್ತ ತಿರುಗಿದ. ಬದುಕಿದೆಯಾ ಬಡಜೀವವೇ ಎಂದು ಇವನು ಒಳಗೆ ನುಗ್ಗಿದ.

ಕಳ್ಳನೇನಲ್ಲ, ಪಾಪ. ಭಾನುವಾರ ಬಂತೆಂದರೆ ಮಾರಾಟಕ್ಕಿರುವ ಮನೆ ನೋಡಲು ಹೋಗುತ್ತಿದ್ದ, ಅಷ್ಟೇ. ಕೊಳ್ಳುವ ತಾಕತ್ತೂ ಇಲ್ಲ, ಇರಾದೆಯೂ ಇಲ್ಲ. ವಾರವಿಡೀ ಅವನದು ಜನರ ಬಾಗಿಲ ತನಕ ಹೋಗಿ ಹಿಂದಿರುಗುವ ಕೆಲಸ. ಹೊಸಿಲು ದಾಟಿ ಬಾ ಎನ್ನುವವರಿಲ್ಲ. ಹೆಂಡತಿ ತೀರಿಕೊಂಡ ಮೇಲೆ ರಜೆಯ ದಿನ ತನ್ನ ಒಂಟಿ ಕೋಣೆಯಲ್ಲಿ ಕೂತರೆ ಜೀವ ಹಿಂಡಿದಂತಾಗುತ್ತಿತ್ತು. ಮನೆ ನೋಡಲು ಹೋದರೆ ಯಾರಾದರೂ ಮಾತಾಡಿಸುತ್ತಾರೆ. ಬ್ರೋಕರುಗಳು ಗುರುತು ಹಿಡಿದರೆ ಅದೂ ಹೋಯಿತು. ಅದಕ್ಕೇ ಈ ಸಲ ಊರಾಚೆಯ ಈ ಬಡಾವಣೆಗೆ ಬಂದಿದ್ದ.

ಅಡುಗೆಮನೆಯಿಂದ ಒಬ್ಬ ಹೆಂಗಸು ಹೊರಬಂದಳು. ಐವತ್ತರ ಆಸುಪಾಸು, ಹೆಗಲಲ್ಲಿ ಚೀಲ. ಎಲ್ಲಿಗೋ ಹೊರಟಿದ್ದಾಳೆ ಅಂದುಕೊಂಡ. ಮನೆ ನೋಡಲು ಬಂದೆ ಎಂದ.

ಅವಳು ಅವನ ಮುಖವನ್ನೇ ಅರೆಗಳಿಗೆ ನೋಡಿದಳು.

“ಒಳಗೆ ಬನ್ನಿ,” ಎಂದಳು.

ಕೋಣೆಯಿಂದ ಕೋಣೆಗೆ ಇಬ್ಬರೂ ನಡೆದರು. ದೀಪ ಹಾಕಲು ಹೋಗಿ ಅವಳು ಫ್ಯಾನು ತಿರುಗಿಸಿದಳು. ಅವನಿಗೆ ನೀರು ಕೊಡಲು ಲೋಟಕ್ಕಾಗಿ ಕಪಾಟುಗಳನ್ನೆಲ್ಲ ತಡಕಾಡಿದಳು. ಮನೆ ಮಾರುವ ಸಂಕಟಕ್ಕೆ ಕೈಕಾಲೇ ಓಡುತ್ತಿಲ್ಲ ಎಂದು ಅವನ ಕರುಳು ಚುರ್ರೆಂದಿತು. ಹಿತ್ತಿಲಿಗೆ ಹೋದಾಗ ಪಕ್ಕದ ಮನೆಯಾಕೆ ಬಟ್ಟೆ ಹರವುತ್ತಿದ್ದಳು. ಇವಳತ್ತ ಕಣ್ಣು ಹಾಯಿಸಿ ಸುಮ್ಮನೆ ಒಳಗೆ ಹೋದಳು. ಎಂಥ ನೆರೆಹೊರೆಯಪ್ಪಾ, ಒಂದು ನಗೆಗೂ ಬಡತನ ಎಂದು ಅವನಿಗೆ ಸಿಟ್ಟೇ ಬಂತು.

ಚಿಕ್ಕ ಕೋಣೆಯ ಬಾಗಿಲ ಚೌಕಟ್ಟಿನ ಮೇಲೆ ಮಕ್ಕಳ ಎತ್ತರ ಗುರುತಿಸಿದ ಪೆನ್ಸಿಲ್ ಗೀಟುಗಳಿದ್ದವು. ಅವಳು ಬೆರಳಿನಿಂದ ಅವನ್ನು ಸವರಿದಳು.

“ಎಷ್ಟು ಬೇಗ ಬೆಳೆದುಬಿಟ್ಟಿದ್ದಾರೆ ನೋಡಿ,” ಎಂದಳು.

ಈ ಕೋಣೆ ನಿಮ್ಮಲ್ಲಿ ಯಾರಿಗೆ ಎಂದು ಕೇಳಿದಳು. ಮಗಳಿಗೆ ಎಂದುಬಿಟ್ಟ. ಏನು ಓದುತ್ತಾಳೆ, ಅಪ್ಪನ ಹಾಗೆ ಮಿತಭಾಷಿಯೋ ಹೇಗೆ ಎಂದು ಅವಳು ಕೇಳುತ್ತ ಹೋದಳು, ಇವನು ಬಾಯಿಗೆ ಬಂದದ್ದು ಹೇಳುತ್ತ ಹೋದ. ಒಂದು ಸುಳ್ಳಿಗೆ ಹತ್ತು ಸುಳ್ಳಿನ ಕಾವಲು. ಇಲ್ಲದ ಮಗಳು ಜಾಣೆಯಾದಳು, ಹಟಮಾರಿಯಾದಳು, ರಾತ್ರಿಯೆಲ್ಲ ಓದುವವಳಾದಳು. ಆ ಹೆಂಗಸು ಎಲ್ಲದಕ್ಕೂ ನಗುತ್ತ ತಲೆಯಾಡಿಸಿದಳು. ಅವನ ಮಾತನ್ನು ಇಷ್ಟು ಹೊತ್ತು ಯಾರಾದರೂ ಕೇಳಿ ವರ್ಷಗಳೇ ಆಗಿದ್ದವು.

ಕೊನೆಗೆ ಮುಂಬಾಗಿಲ ಮೆಟ್ಟಿಲ ಮೇಲೆ ಕೂತರು. ಇನ್ನು ಹೊರಡಬೇಕು. ಹೊರಡಲು ಅವನಿಗೆ ಕಾಲೇ ಬರಲಿಲ್ಲ.

“ನಿಮ್ಮಂಥೋರು ಬಂದ್ರೆ ಈ ಮನೆಗೊಂದು ಕಳೆ ಬರುತ್ತೆ,” ಎಂದಳು.

ಆ ಮಾತು ಕೇಳಿ ಅವನಿಗೆ ತಡೆಯಲಾಗಲಿಲ್ಲ. ಇಂಥವಳಿಗೆ ಆಸೆ ತೋರಿಸಿ ಕೈಕೊಡುವುದೇ? ನಿಜ ಹೇಳಿದರೆ ಬ್ರೋಕರನನ್ನು ಕರೆಯುತ್ತಾಳೆ, ಅವನು ಊರಿನ ಬ್ರೋಕರುಗಳಿಗೆಲ್ಲ ಡಂಗುರ ಸಾರುತ್ತಾನೆ, ಅಲ್ಲಿಗೆ ತನ್ನ ಭಾನುವಾರಗಳ ಕಥೆ ಮುಗಿಯಿತು. ಮುಗಿದರೆ ಮುಗಿಯಲಿ.

“ತಪ್ಪು ತಿಳ್ಕೋಬೇಡಿ. ನಾನು ಮನೆ ಕೊಳ್ಳೋನಲ್ಲ. ಮಗಳೂ ಇಲ್ಲ, ಯಾರೂ ಇಲ್ಲ. ಯಾರಾದ್ರೂ ಒಳಗೆ ಬನ್ನಿ ಅಂತಾರಲ್ಲ, ಅದಕ್ಕೋಸ್ಕರ ಬರ್ತೀನಿ.”

ಅವಳು ಬೈಯಲಿಲ್ಲ. ಗೇಟಿನತ್ತ ನೋಡಿದಳು. ಬ್ರೋಕರ್ ಇನ್ನೂ ಫೋನಿನಲ್ಲೇ ಮುಳುಗಿದ್ದ. ಅವಳು ದನಿ ತಗ್ಗಿಸಿದಳು.

“ಇದು ನನ್ನ ಮನೆ ಅಲ್ಲ. ನಿಮಗಿಂತ ಸ್ವಲ್ಪ ಮುಂಚೆ ನಾನೂ ನೋಡೋಕೆ ಬಂದೆ. ನಾನೂ ಕೊಳ್ಳೋಳಲ್ಲ.”