ಯಾರೂ ಆಡದ ಮಾತು

ಕುಳ್ಳಿನ ಕೆಂಡದಲ್ಲಿ ಸಲಾಕೆಯ ತುದಿ ಕೆಂಪೇರತೊಡಗಿದ್ದೇ ಪಕ್ಕೀರವ್ವ ಮಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಮೊಮ್ಮಗಳ ಕತ್ತಿನ ಹಿಂದೆ ಚುಟಿಗೆ ಹಾಕಿಸಲೇಬೇಕೆಂದು ಅತ್ತೆ ಸುಂಕಲಮ್ಮ ಅಮಾವಾಸ್ಯೆಯಿಂದ ಹಟ ಹಿಡಿದಿದ್ದಳು. ಎತ್ತುಗಳಿಗೆ ನಾಲು ಕಟ್ಟುವ ಹಾಜಿಸಾಬ ಎರಡು ಬರೆ ಎಳೆದರೆ ಎಂಥ ಮೊಂಡು ನಾಲಗೆಯೂ ತಿರುಗುತ್ತದೆಂದು ಊರಿನ ನಂಬಿಕೆ. ಬೇಡವೆನ್ನಬಹುದಾಗಿದ್ದ ಗಂಡ, ಹೊಳೆಗೆ ಕಟ್ಟುತ್ತಿದ್ದ ಅಣೆಕಟ್ಟಿನ ಕೆಲಸಕ್ಕೆ ಹೋಗಿ ತಿಂಗಳಾಗಿತ್ತು.

ಕೂಸು ಹುಲಿಗೆವ್ವ ಮೂಕಿಯಲ್ಲ. ಮೂರು ತುಂಬಿದರೂ ಕೇಳಿದ್ದನ್ನೇ ತಿರುಗಿ ಒಪ್ಪಿಸುತ್ತಿದ್ದಳು, ಅಷ್ಟೇ. "ಉಂಡೇನವ್ವಾ" ಎಂದರೆ "ಉಂಡೇನವ್ವಾ". ಹೆಸರೇನೆಂದರೆ "ಹೆಸರೇನು". ಓಣಿಯ ಹೆಂಗಸರು ಬೈಗುಳ ಹೇಳಿಕೊಟ್ಟು, ಅದನ್ನು ಕೂಸಿನ ಬಾಯಲ್ಲಿ ಕೇಳಿ ನಗುತ್ತಿದ್ದರು. ಗಿಣಿ ಹಡೆದಿದ್ದಾಳೆ ಸೊಸೆ ಎಂದು ಸುಂಕಲಮ್ಮ ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಳು.

"ಮಾತು ಒಳಗ ಕುದಿಯಾಕತ್ತೈತ್ರಿ ಅತ್ತಿ, ಇನ್ನೂ ಉಕ್ಕಿ ಬಂದಿಲ್ಲ" ಎಂದಳು ಪಕ್ಕೀರವ್ವ, ಕಡೆಯ ಸಲ ಬೇಡಿಕೊಳ್ಳುವಂತೆ.

"ಉಕ್ಕಬೇಕಂದ್ರ ಉರಿ ಬೇಕವ್ವ" ಎಂದಳು ಸುಂಕಲಮ್ಮ.

ಹಾಜಿಸಾಬನಿಗೂ ಮನಸ್ಸಿರಲಿಲ್ಲ. ಎತ್ತು ಒದ್ದರೆ ತಡೆದುಕೊಳ್ಳಬಹುದು, ಕೂಸಿನ ಅಳು ಆಗಿಬರುವುದಿಲ್ಲ ಎಂದು ಗೊಣಗುತ್ತಲೇ ಬಗ್ಗಿ ಕೆಂಡ ಊದಿದ. ಬೂದಿ ಬುಸ್ಸನೆ ಎದ್ದು ಮುಖಕ್ಕೆ ಬಡಿಯಿತು. ಅವನು ಹಿಂದೆ ಸರಿದ ರಭಸಕ್ಕೆ ತಲೆಯ ರುಮಾಲು ಜಾರಿ, ಅಂಗಳದಲ್ಲಿ ಸುರುಳಿ ಬಿಚ್ಚಿಕೊಂಡಿತು. ಮೂವರಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಸೆರಗಿನೊಳಗಿಂದ ಒಂದು ಪುಟ್ಟ ಬೆರಳು ಹೊರಬಂತು.

"ಅಜ್ಜನ ರುಮಾಲ ಬೀಳಿತು."

ಸುಂಕಲಮ್ಮನೇ ಮೊದಲು ಚೇತರಿಸಿಕೊಂಡಳು. "ಕೇಳಿದೇನು ಹಾಜಿಸಾಬ? ಬಿತ್ತು ಅನ್ನಾಕ ಬರೂದಿಲ್ಲ, ಬೀಳಿತಂತ. ಗಿಣಿನಾದ್ರೂ ನೆಟ್ಟಗ ಅಂತೈತಿ. ನೀ ಹಾಕು."

ಆರು ವರ್ಷದ ಬಾಳುವೆಯಲ್ಲಿ ಅತ್ತೆಯ ಎದುರು ಏರದಿದ್ದ ಪಕ್ಕೀರವ್ವನ ದನಿ ಈಗ ಏರಿತು.

"ಅದು ಯಾರ ಮಾತು ಹೇಳ್ರಿ ಅತ್ತಿ. ಬೀಳಿತು ಅಂತ ನೀವಂತೀರೇನು? ನಾನಂತೀನೇನು? ಈ ಊರಾಗ ಯಾರಂತಾರ? ಕೋಳಿ ಕೂಗಿತು, ಆಡು ಓಡಿತು ಅಂತ ನಮ್ಮ ಕಡಿಂದ ಕೇಳ್ಯಾಳ, ಅದರ ಮ್ಯಾಲ ಇದನ್ನ ತಾನ ಕಟ್ಯಾಳ. ತಪ್ಪಾದ್ರ ಆಗವಲ್ದ್ಯಾಕ, ಆ ಮಾತು ಆಕೀದು."

ಹಾಜಿಸಾಬ ಕಣ್ಣೊಳಗಿನ ಬೂದಿ ಒರೆಸಿಕೊಂಡು ಕೂಸಿನ ಮುಂದೆ ಕುಕ್ಕರಗಾಲಲ್ಲಿ ಕೂತ. "ಬಿತ್ತು ಅನ್ನವ್ವ" ಎಂದ.

ಪಕ್ಕೀರವ್ವ ಮಗಳ ತುಟಿಯನ್ನೇ ನೋಡಿದಳು. ಹೇಳಿಕೊಟ್ಟಿದ್ದನ್ನು ಇವಳು ಇಂದಿನವರೆಗೆ ತಿರುಗಿ ಅನ್ನದೆ ಬಿಟ್ಟಿದ್ದಿಲ್ಲ. ಈಗಲೂ ಅಂದರೆ ಗಿಣಿಯೇ ಆದಳು. ಹುಲಿಗೆವ್ವ ಅವನ ಬೋಳು ತಲೆ ನೋಡಿದಳು, ನೆಲದ ಮೇಲಿನ ರುಮಾಲು ನೋಡಿದಳು.

"ಬೀಳಿತು."

"ಬಿತ್ತು" ಎಂದು ಸುಂಕಲಮ್ಮ ಗದರಿದಳು.

"ಬೀಳಿತು." ದನಿ ಇನ್ನಷ್ಟು ಗಟ್ಟಿಯಾಗಿತ್ತು.

ಹಾಜಿಸಾಬ ಸಲಾಕೆಯನ್ನು ಎಮ್ಮೆ ಕುಡಿಯುವ ಬಾನಿಯಲ್ಲಿ ಅದ್ದಿದ. ನೀರು ಚುಂಯ್ ಎಂದಿತು.

"ಸುಂಕಲವ್ವ, ನಿನ್ನ ಮಾತಿಗೆ ಎದುರು ಮಾತು ಕೊಡೋರು ಈ ಓಣ್ಯಾಗ ಬ್ಯಾರೆ ಯಾರದಾರ? ಈ ಕೂಸಿಗೆ ಚುಟಿಗಿ ಹಾಕಂತೀಯಲ್ಲ."

ಪಕ್ಕೀರವ್ವ ಮಗಳನ್ನು ಹೆಗಲಿಗೇರಿಸಿಕೊಂಡು, ಅಳುತ್ತಿದ್ದೇನೋ ನಗುತ್ತಿದ್ದೇನೋ ತನಗೇ ತಿಳಿಯದೆ, ಅಂಗಳದ ನಡುವೆ ನಿಂತುಬಿಟ್ಟಳು. ಹಾಜಿಸಾಬ ಬರೆ ಎಳೆಯುವುದು ತಪ್ಪಿದ ಖುಷಿಯಲ್ಲಿ ಬೋಳು ತಲೆಯಲ್ಲೇ ಬಾಗಿಲು ದಾಟಿದ್ದ. ಸುಂಕಲಮ್ಮ ಮುಖ ಗಂಟಿಕ್ಕಿಕೊಂಡೇ ನೆಲದ ಮೇಲಿದ್ದುದನ್ನು ಎತ್ತಿ, ಬೂದಿ ಕೊಡವಿ, ಹಿಂದಿನಿಂದ ಕೂಗಿದಳು.

"ಹಂಗ ಹೊಂಟಿಯಲ್ಲಪ್ಪ ಹಾಜಿಸಾಬ. ನಿನ್ನ ರುಮಾಲ ಬೀಳಿತು."