ಮೂಲದ ಗೋಡೆ

ಮನೆಯ ನಡುಗೋಡೆಯ ಗಾರೆ ಉದುರಿದ ಜಾಗದಲ್ಲಿ ಅಗಲವಾದ ಹಳೆಯ ಕಮಾನು ಬಾಗಿಲು ಕಾಣಿಸಿತು. ಯಾರೋ ಅದನ್ನು ಇಟ್ಟಿಗೆಯಿಂದ ಮುಚ್ಚಿದ್ದರು.

"ಗೋಡೆ ಮೂಲದ್ದು, ಒಡೆಯೋ ಹಾಗಿಲ್ಲ ಅಂದ್ರಲ್ಲ ಸಾರ್, ಈಗ ಯಾವುದು ಮೂಲ?" ಎಂದಳು ಮನೆಯ ಸೊಸೆ. "ಪಕ್ಕದ ಸಣ್ಣ ಬಾಗಿಲಲ್ಲಿ ಅತ್ತೆಯ ಗಾಲಿಕುರ್ಚಿ ತೂರಲ್ಲ. ಅವರು ಬೀದಿ ನೋಡಿ ವರ್ಷ ಆಯ್ತು."

ಪಾರಂಪರಿಕ ಕಟ್ಟಡಗಳ ಸಂರಕ್ಷಣಾ ಇಲಾಖೆಯ ಅಧಿಕಾರಿ ಇಟ್ಟಿಗೆಯನ್ನು ಬೆರಳಿನಿಂದ ತಟ್ಟಿ ನೋಡಿದರು. ಗೋಡೆಗೆ ನೂರು ವರ್ಷವೆಂದು ಹೊರಗಿನ ಫಲಕಕ್ಕೆ ಬರೆದುಕೊಟ್ಟವರು ಅವರೇ.

"ಆ ಗೋಡೆ ಕಟ್ಟಿಸಿದ್ದು ನಾನು ಕಣಪ್ಪಾ," ಒಳಗಿನಿಂದ ಅತ್ತೆ ಕೂಗಿದರು. "ಮುಂದಿನ ಕೋಣೇಲಿದ್ದ ಓರಗಿತ್ತಿ ಮುಖ ನೋಡಬಾರದು ಅಂತ. ನೀನು ಕೇಳಿದಾಗ ತಾತನ ಕಾಲದ್ದು ಅಂತ ನಾನಂದೆ, ನೀನು ನಂಬಿಬಿಟ್ಟೆ."

ಅಧಿಕಾರಿ ಕೈಲಿದ್ದ ನಿಯಮದ ಪುಸ್ತಕ ಮುಚ್ಚಿದರು. "ಅಮ್ಮಾ, ಆ ಜಗಳ ಮುಗೀತಾ?"

"ಎಲ್ಲಿ ಮುಗೀತು? ಅವಳೀಗ ಎದುರುಮನೇಲಿದಾಳೆ. ನೀನು ಬಾಗಿಲು ತೆಗೆಸು, ಹೋಗಿ ಮುಗಿಸಿ ಬರ್ತೀನಿ."